ಓಟಕ್ಕೆಂದೇ ಹುಟ್ಟಿದ ಮುಧೋಳದ ನಾಯಿ

ಜಮಖಂಡಿಯಿಂದ ಮುಧೋಳದ ಕಡೆ ಹೊರಟರೆ ಕಬ್ಬಿನ ಹೊಲಗಳು ಜೊತೆಗೇ ಬರುತ್ತವೆ. ಒಂದೆಡೆ ನೇಕಾರರ ರಬಕವಿ-ಬನಹಟ್ಟಿ, ಇನ್ನೊಂದೆಡೆ ಕೃಷ್ಣೆಯ ಹಿನ್ನೀರು ಚಾಚಿಕೊಂಡಿರುವ ಬೀಳಗಿ. ನಡುವೆ ಘಟಪ್ರಭೆಯ ನೀರುಂಡ ಮುಧೋಳ. ಇದು ಕವಿ ರನ್ನನ ನಾಡು. ಆದರೆ ದೂರದವರ ಬಾಯಲ್ಲಿ ಈ ಊರಿನ ಹೆಸರನ್ನು ನಿಲ್ಲಿಸಿರುವುದು ಇಲ್ಲಿನ ಬೇಟೆನಾಯಿ.

ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ. ಗಂಡು ನಾಯಿಯ ಭುಜದ ಎತ್ತರ ಸುಮಾರು 70 ಸೆಂಟಿಮೀಟರ್. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಪೋಷಿಸಿ, ಇಂಗ್ಲೆಂಡಿನ ದೊರೆ ಐದನೆಯ ಜಾರ್ಜ್‌ಗೆ ಮರಿಗಳನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರತಂದಿತು. 2016ರಲ್ಲಿ ಸೇನೆ ತರಬೇತಿಗಾಗಿ ಮರಿಗಳನ್ನು ಮೀರತ್‌ಗೆ ಒಯ್ದಿತು.

ಇದರ ಓಟವೇ ಒಂದು ವಿಜ್ಞಾನದ ಪಾಠ. ನಾಗಾಲೋಟದಲ್ಲಿ ಕುದುರೆಯ ನಾಲ್ಕೂ ಕಾಲುಗಳು ಪ್ರತಿ ದಾಪಿಗೆ ಒಮ್ಮೆ ನೆಲ ಬಿಟ್ಟಿರುತ್ತವೆ. ಇಂತಹ ಬೇಟೆನಾಯಿಗಳಲ್ಲಿ ಹಾಗಾಗುವುದು ಎರಡು ಸಲ: ಕಾಲುಗಳನ್ನು ಹೊಟ್ಟೆಯಡಿ ಮಡಚಿದಾಗ ಒಮ್ಮೆ, ಹಿಂದೆ-ಮುಂದೆ ಚಾಚಿದಾಗ ಇನ್ನೊಮ್ಮೆ. ಬೆನ್ನುಮೂಳೆ ಬಿಲ್ಲಿನಂತೆ ಬಾಗಿ ಸೆಟೆಯುತ್ತದೆ. ಮೂಗಿಗಿಂತ ಕಣ್ಣನ್ನೇ ನಂಬಿ ಬೇಟೆಯ ಬೆನ್ನಟ್ಟುವ ಪ್ರಾಣಿಯಿದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಗೆ ತಡೆ ಬಿತ್ತು. ಬೇಟೆ ನಿಂತರೂ ಕಾಲಿನ ಹಸಿವು ನಿಲ್ಲಲಿಲ್ಲ. ಹಳ್ಳಿಯಲ್ಲಾದರೆ ನಾಯಿ ಯಜಮಾನನ ಜೊತೆ ಹೊಲಕ್ಕೆ ಹೋಗಿ ಬರುತ್ತದೆ. ಬೇರೆ ಸಮಯ ಕೊಡಬೇಕಾಗಿಲ್ಲ. ನಗರದ ಮನೆಯಲ್ಲಿ ಹಾಗಲ್ಲ. ಮಕ್ಕಳ ಹಟಕ್ಕೆ ಮರಿ ಬರುತ್ತದೆ. ಆಮೇಲೆ ಶಾಲೆ, ಟ್ಯೂಷನ್, ಪರೀಕ್ಷೆ. ಸರಪಳಿಯ ತುದಿಯಲ್ಲಿ ನಾಯಿ ಬಾಗಿಲು ನೋಡುತ್ತಾ ಮಲಗುತ್ತದೆ. ಪುಸ್ತಕ ಹಿಡಿದ ಹುಡುಗನ ಮನಸ್ಸು ಚುಚ್ಚುತ್ತದೆ. ಸಮಾಧಾನಕ್ಕೆಂದು ಒಂದು ಬಿಸ್ಕತ್ತು ಹಾಕುತ್ತಾನೆ. ನಾಯಿಗೆ ಬೇಕಾದದ್ದು ಬಿಸ್ಕತ್ತಲ್ಲ, ಅವನೇ.

ಆ ಚುಚ್ಚು ಒಳ್ಳೆಯದೇ. ಅದು ಕರುಣೆಯ ಗುರುತು. ಆದರೆ ಅಷ್ಟಕ್ಕೇ ನಿಂತರೆ ಪ್ರಾಣಿಗೆ ಪ್ರಯೋಜನವಿಲ್ಲ. ಹೊರೆಯೆಲ್ಲವನ್ನೂ ಮಗುವಿನ ಮೇಲೆ ಹಾಕದೆ ಮನೆಯವರು ಸರದಿ ಮಾಡಿಕೊಳ್ಳಬೇಕು. ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು, ದಿನವೂ ಅದೇ ಹೊತ್ತಿಗೆ. ಓಡಲು ಬಿಡುವ ಬಯಲಿಗೆ ಬೇಲಿಯಿರಲಿ; ಕಣ್ಣಿಗೆ ಬಿದ್ದದ್ದನ್ನು ಅಟ್ಟಿ ಹೊರಟರೆ ಕರೆದರೂ ತಿರುಗುವುದು ಕಷ್ಟ. ಸಮಯ ಸಾಧ್ಯವೇ ಇಲ್ಲವೆಂದಾದರೆ, ಹೊಲವಿರುವ ಪರಿಚಿತರಿಗೆ ನಾಯಿಯನ್ನು ಒಪ್ಪಿಸುವುದು ತಪ್ಪಲ್ಲ.

ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಮರಿ ಕೊಳ್ಳುವ ಆಸೆಯಿದ್ದವರು ಮೊದಲು ಮುಧೋಳಕ್ಕೆ ಬಂದು ಬೆಳೆದ ನಾಯಿಯ ಓಟವನ್ನು ನೋಡುವುದು ಲೇಸು. ಬೆಲೆ ವಿಚಾರಿಸುವುದು ಆಮೇಲಾಗಲಿ; ದಿನವೂ ಇದರ ಜೊತೆ ಹೊರಡುವವರು ಯಾರು ಎಂಬುದು ಮನೆಯಲ್ಲಿ ಮೊದಲು ತೀರ್ಮಾನವಾಗಲಿ.