ಭುಜದ ಕಥೆ, ಭಾಗ 3
ಪೆರ್ಡೂರಿನ ಕೊಯ್ದ ಗದ್ದೆಯಲ್ಲಿ ಟೆನ್ನಿಸ್ ಬಾಲ್ ಎಸೆದೂ ಎಸೆದೂ ನನ್ನ ಭುಜ ಹೋದದ್ದು ನಿಮ್ಗೆ ಗೊತ್ತುಂಟಲ್ಲ. ತಲೆ ಬಾಚ್ಲಿಕ್ಕೂ ಕೈ ಏಳ್ತಿರ್ಲಿಲ್ಲ. ಎರಡು ತಿಂಗಳು ಮನೇಲಿ ಕೂತು ನೋಡಿದ್ದು ಜಾವಗಲ್ ಶ್ರೀನಾಥ್ ಅವರ ಹಳೇ ವಿಡಿಯೋ.

ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು, 1991ರಲ್ಲಿ ಮೊದಲ ಟೆಸ್ಟ್. 1997ರಲ್ಲಿ ಭುಜಕ್ಕೆ ಆಪರೇಷನ್. ಬೇಸ್‌ಬಾಲ್ ಪಿಚರ್‌ಗಳೂ ಹೆದರುವುದು ಇದೇ ಭುಜದ ನೋವಿಗೆ. ಆದ್ರೆ ಇವರು 1999ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಎದುರು ಒಂದೇ ಟೆಸ್ಟಲ್ಲಿ 13 ವಿಕೆಟ್ ತೆಗೆದ್ರು! ಮ್ಯಾಚ್ ಮಾತ್ರ 46 ರನ್ನಿಗೆ ಹೋಯ್ತು ಮಾರ್ರೆ. ಅದು ಈಗ್ಲೂ ಉರೀತದೆ.

ಇನ್ನು ಬೌಲಿಂಗ್ ಬೇಡ ಅಂತ ಅಮ್ಮ ಹೇಳಿಯಾಗಿದೆ. ನಿನ್ನೆ ಅವರು ದೇವಸ್ಥಾನಕ್ಕೆ ಹೋದಾಗ ಅಂಗಳದಲ್ಲಿ ಒಂದು ಓವರ್ ಹಾಕಿದೆ. ಐದನೇ ಬಾಲಿಗೆ ಚುಳಕ್ ಅಂತು. ಆರನೇದೂ ಹಾಕಿದೆ.