ಎಂಜಿನ್ ಕಟ್ಟಿಸುವುದೋ, ಬದಲಿಸುವುದೋ

ಲೋಡ್ ಹೊತ್ತ ಹಳೇ ಲಾರಿ ಘಾಟಿಯಲ್ಲಿ ಏದುಸಿರು ಬಿಡುತ್ತಾ ಆಯಿಲ್ ಕುಡಿಯಲು ಶುರುಮಾಡಿದರೆ ಮಾಲೀಕನಿಗೆ ಎರಡು ಸಲಹೆ ಬರುತ್ತವೆ: ಬಿಚ್ಚಿಸಿ ಫುಲ್ ಎಂಜಿನ್ ಕೆಲಸ ಮಾಡಿಸು, ಇಲ್ಲವೇ ಗುಜರಿಯಿಂದ ಇನ್ನೊಂದು ಎಂಜಿನ್ ತಂದು ಕೂರಿಸು. ಒಂದೇ ಲಾರಿಯ ಬಾಡಿಗೆಯಲ್ಲಿ ಸಾಲದ ಕಂತು, ಡ್ರೈವರ್ ಸಂಬಳ, ಮಕ್ಕಳ ಫೀಸು ಎಲ್ಲವನ್ನೂ ತೂಗಿಸುವ ಮನೆಗಳಲ್ಲಿ ಈ ತೀರ್ಮಾನ ತಪ್ಪಿದರೆ ಲಾರಿಯೇ ಕೈಬಿಟ್ಟು ಹೋಗಬಹುದು. ಹೀಗಿದ್ದೂ ಬಹುಪಾಲು ಮಂದಿ ಎರಡು ಕಡೆಯ ರೇಟು ಕೇಳಿ, ಕಡಿಮೆಯಾದದ್ದಕ್ಕೆ ಒಪ್ಪಿಬಿಡುತ್ತಾರೆ. ಬ್ಲಾಕು ಮತ್ತು ಕ್ರ್ಯಾಂಕು ಅಳತೆಯಲ್ಲಿ ಪಾಸಾದರೆ ಇರುವ ಎಂಜಿನ್ನನ್ನೇ ಕಟ್ಟಿಸಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಅಳತೆ ಎಂದೆ; ಹೊಗೆಯ ಬಣ್ಣ ನೋಡಿ ಹೇಳುವ ತೀರ್ಪು ಸಾಲದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದಷ್ಟೇ ಅರ್ಥ. ಆ ಆಯಿಲ್ ಸವೆದ ರಿಂಗಿನಿಂದಲೂ ಬರಬಹುದು, ಟರ್ಬೋ ಸೀಲಿನಿಂದಲೂ ಬರಬಹುದು, ಮತ್ತು ಟರ್ಬೋ ಕೆಟ್ಟದ್ದಕ್ಕೆ ಯಾರೂ ಎಂಜಿನ್ ಬಿಚ್ಚಬೇಕಾಗಿಲ್ಲ. ಹೆಡ್ಡು ತೆಗೆದ ಮೇಲೆ ಸಿಲಿಂಡರಿನ ಒಳಗೆ ಕೆಳಗಿನಿಂದ ಮೇಲಂಚಿನತ್ತ ಉಗುರು ಎಳೆದರೆ ಒಂದು ಕಡೆ ತಡೆಯುತ್ತದೆ. ಮೇಲಿನ ರಿಂಗು ಓಡಾಡುವ ಜಾಗ ಸವೆದು, ಅದರ ಮೇಲಿನದು ಹಾಗೇ ಉಳಿದು ಮೂಡಿದ ಮೆಟ್ಟಿಲು ಅದು. ಬೋರ್ ಗೇಜನ್ನು ಮೇಲೆ, ನಡುವೆ, ಕೆಳಗೆ ಇಟ್ಟು, ಎರಡೆರಡು ದಿಕ್ಕಿನಲ್ಲಿ ಅಳೆದರೆ ಸವೆತ ಎಷ್ಟೆಂದು ಅಂಕಿಯಲ್ಲೇ ಸಿಗುತ್ತದೆ. ಮುಂದಿನದು ಎಂಜಿನ್ ಯಾವುದು ಎನ್ನುವುದರ ಮೇಲೆ ನಿಂತಿದೆ. 97 ಮಿ.ಮೀ. ಬೋರಿನ ಟಾಟಾ 697ರಲ್ಲಿ ಲೈನರ್ ಬದಲಿಸಿ ಮೂಲ ಅಳತೆಗೇ ಮರಳಬಹುದು. 5.9 ಲೀಟರಿನ ಕಮಿನ್ಸ್ ಬಿ ಸರಣಿಯಲ್ಲಿ ಲೈನರೇ ಇಲ್ಲ; ಬ್ಲಾಕನ್ನೇ ಕೊರೆದು ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಹಾಗೆ ಕೊರೆಯುವುದಕ್ಕೂ ಮಿತಿ ಇದೆ. ಕ್ರ್ಯಾಂಕನ್ನು 0.25, 0.50 ಮಿ.ಮೀ. ಹೀಗೆ ಹಂತಹಂತವಾಗಿ ಗ್ರೈಂಡ್ ಮಾಡುತ್ತಾರೆ. ಕೊನೆಯ ಹಂತ ಮುಗಿದಿದ್ದರೆ, ಇಲ್ಲವೇ ಬಿರುಕು ಕಂಡರೆ, ಅದರ ಮೇಲೆ ಮತ್ತೆ ದುಡ್ಡು ಸುರಿಯಬಾರದು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆದುಕೊಂಡು ಬಂದಿದ್ದರಂತೂ ಚರ್ಚೆಯೇ ಬೇಡ, ಬದಲಿಸುವುದೇ ದಾರಿ.

ಕಟ್ಟಿಸಲು ದಿನ ಹಿಡಿಯುತ್ತದೆ, ಲಾರಿ ನಿಂತಷ್ಟೂ ನಷ್ಟ ಎನ್ನುತ್ತಾರೆ. ನಿಜ. ಆದರೆ ಬದಲಿ ಎಂಜಿನ್ ಕೂರಿಸಿದ ದಿನಕ್ಕೇ ಕೆಲಸ ಮುಗಿಯುವುದಿಲ್ಲ. ಆರ್‌ಸಿಯಲ್ಲಿರುವ ಎಂಜಿನ್ ನಂಬರ್ ಬದಲಾಗಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅದು ಆರ್‌ಟಿಓ ಮುಂದೆ ಹೋಗಬೇಕಾದ ವಿಷಯ. ಎಂಟು ವರ್ಷ ದಾಟಿದ ಲಾರಿಗೆ ವರ್ಷವರ್ಷವೂ ಎಫ್‌ಸಿ ಇರುವುದರಿಂದ ತಾಳೆಯಾಗದ ನಂಬರ್ ಬಹಳ ದಿನ ಮುಚ್ಚಿಡುವಂಥದ್ದೂ ಅಲ್ಲ. ಗುಜರಿ ಎಂಜಿನ್ ಎಲ್ಲಿಂದ ಬಂತು ಎನ್ನುವುದಕ್ಕೆ ಬಿಲ್ಲು ಇಲ್ಲದಿದ್ದರೆ ಫಜೀತಿ ಇನ್ನೂ ದೊಡ್ಡದು. ದಿನ ಹಿಡಿಯುತ್ತದೆ ಎನ್ನುವುದಕ್ಕಿಂತ ತೂಕದ ಆಕ್ಷೇಪ ಮೇಸ್ತ್ರಿಯ ಕೈಗುಣದ್ದು. ಆಯಿಲ್ ದಾರಿಗಳನ್ನು ಸರಿಯಾಗಿ ತೊಳೆಯದೆ, ಟಾರ್ಕ್ ವ್ರೆಂಚ್ ಮುಟ್ಟದೆ, ಅಂದಾಜಿನಲ್ಲಿ ಬೋಲ್ಟು ಬಿಗಿದ ಎಂಜಿನ್ ಬೇಗನೆ ಮತ್ತೆ ಬಾಗಿಲಿಗೆ ಬರುತ್ತದೆ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಗುಜರಿಯಲ್ಲಿರುವ ಎಂಜಿನ್ನನ್ನೂ ಯಾರೋ ಒಬ್ಬರು ಬಿಚ್ಚಿ ಬಿಗಿದಿರಬಹುದಲ್ಲ? ಅವರು ಯಾರು, ಎಂಜಿನ್ ಎಷ್ಟು ಸಲ ಕಾದು ಸೀದಿತ್ತು, ಹೇಳುವವರಿಲ್ಲ. ನಮ್ಮ ಎಂಜಿನ್ನಿನ ರೋಗವಾದರೂ ನಮಗೆ ಗೊತ್ತು. ಕಂಪನಿಯೇ ರೀಕಂಡಿಷನ್ ಮಾಡಿ ವಾರಂಟಿ ಬರೆದುಕೊಡುವ ಎಂಜಿನ್ ಸಿಕ್ಕರೆ, ಕೈಯಲ್ಲಿ ಅಷ್ಟು ದುಡ್ಡೂ ಇದ್ದರೆ, ನನ್ನ ವಾದದ ಬಿಗಿ ಸಡಿಲವಾಗುತ್ತದೆ.

ಎರಡು ದಾರಿಯವರೂ ಮರೆಯುವ ಒಂದು ಪ್ರಶ್ನೆಯಿದೆ: ಈ ಎಂಜಿನ್ ಸವೆದದ್ದು ಯಾತರಿಂದ? ಸಂಡೂರು, ಹೊಸಪೇಟೆ ಕಡೆ ಅದಿರು ಹೊರುವ ಲಾರಿಗಳು ಕೆಂಧೂಳಿನಲ್ಲೇ ಓಡುತ್ತವೆ. ಏರ್ ಫಿಲ್ಟರಿನಿಂದ ಟರ್ಬೋಗೆ ಹೋಗುವ ರಬ್ಬರ್ ಹೋಸು ಕ್ಲಿಪ್ಪಿನ ಹತ್ತಿರ ಸೀಳಿದ್ದರೆ ಫಿಲ್ಟರ್ ಎಷ್ಟೇ ಹೊಸದಾಗಿರಲಿ, ಧೂಳು ನೇರ ಸಿಲಿಂಡರಿಗೆ ಇಳಿಯುತ್ತದೆ. ರಿಂಗು, ಲೈನರು ಎರಡನ್ನೂ ತೇಯುತ್ತದೆ. ಆ ಹೋಸು ಹಾಗೇ ಉಳಿದರೆ ಕಟ್ಟಿಸಿದ ಎಂಜಿನ್ನೂ ಸವೆಯುತ್ತದೆ, ತಂದು ಕೂರಿಸಿದ್ದೂ ಸವೆಯುತ್ತದೆ. ಹಾಗಾಗಿ ಮೇಸ್ತ್ರಿ ಎಸ್ಟಿಮೇಟ್ ಬರೆಯುವಾಗ ಲೈನರ್ ಕಿಟ್ಟಿಗಿಂತ ಮೊದಲು ಹೋಸು, ಕ್ಲಿಪ್ಪು, ರೇಡಿಯೇಟರ್ ಕ್ಲೀನಿಂಗ್ ಬರೆಸಬೇಕು.