ಹಿಟ್ಟಿನ ಪಾತ್ರೆಗೆ ನೀರು

ಭಾದ್ರಪದ ಹತ್ತಿರ ಬಂತೆಂದರೆ ಗೌರಸಮುದ್ರದ ಮನೆಗಳೆಲ್ಲ ಮೈ ಕೊಡವಿ ಏಳುತ್ತವೆ. ಮಾರಮ್ಮನ ಜಾತ್ರೆಗೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯವರಷ್ಟೇ ಅಲ್ಲ, ಗಡಿಯಾಚೆ ಆಂಧ್ರದ ಕಡೆಯಿಂದಲೂ ಜನ ಬರುತ್ತಾರೆ. ನೆಂಟರು ಬರುವ ಹೊತ್ತಿಗೆ ಗೋಡೆಗೆ ಸುಣ್ಣ ಬಿದ್ದಿರಬೇಕು, ಕಂಬಳಿ ಕೌದಿಗಳು ಒಗೆದು ಒಣಗಿರಬೇಕು, ಅಟ್ಟದ ಪಾತ್ರೆ ಇಳಿದು ಬೆಳಗಿ ಮತ್ತೆ ಅಟ್ಟ ಹತ್ತಿರಬೇಕು. ಒಳಗಿನ ಸಾಮಾನೆಲ್ಲ ಅಂಗಳಕ್ಕೆ ಬಂದು ಬಿಸಿಲು ಕಾಯುವ ಆ ಎರಡು ಮೂರು ದಿನ ಊರಿಗೇ ಒಂದು ಕಳೆ. ಅದರ ಮೇಲೆ ನನ್ನ ತಕರಾರೇನೂ ಇಲ್ಲ. ಬೆಳಗಿನಿಂದ ನನ್ನನ್ನು ಕೆಣಕುತ್ತಿರುವುದು ಅದರ ನೆರಳಲ್ಲೇ ಬೆಳೆದಿರುವ ಒಂದು ಮಾತು: "ಜಾತ್ರಿಗೆ ಹೆಂಗೂ ಎಲ್ಲಾ ತೆಗೀತೀವಲ್ಲ, ಆವಾಗ ನೋಡ್ಕಂಡ್ರಾತು ಬಿಡು." ಪೇಟೆಯ ಮನೆಗಳಲ್ಲಿ ಇದೇ ಮಾತು ಭಾನುವಾರದ ಹೆಸರಿನಲ್ಲಿ ಬರುತ್ತದೆ, ನೌಕರಿಯವರ ಮನೆಯಲ್ಲಿ ಬೇಸಿಗೆ ರಜೆಯ ಹೆಸರಿನಲ್ಲಿ. ಕೇಳುವುದಕ್ಕೆ ಎಷ್ಟು ಸಮಾಧಾನದ ಮಾತು! ಆದರೆ ಒಂದು ಮನೆ ಗೋಜಲಾಗಿ ಬೀಳುವುದು ಈ ಮಾತಿನಿಂದಲೇ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ದಿನಾ ಕಸ ಗುಡಿಸಬೇಕು, ಹಾಸಿಗೆ ಸುತ್ತಿಡಬೇಕು, ಉಂಡ ತಟ್ಟೆ ತೊಳೆಯಬೇಕು ಎಂದು ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಯೋಚಿಸಬೇಕಾದ್ದು ಈ ಸಣ್ಣ ಕೆಲಸಗಳು ಸಣ್ಣವಾಗಿರುವುದು ಯಾಕೆ ಎಂಬುದನ್ನು. ಹಿಟ್ಟಿನ ಪಾತ್ರೆಯನ್ನೇ ನೋಡಿ. ರಾಗಿಹಿಟ್ಟು ತಿರುವಿ ಮುದ್ದೆ ಕಟ್ಟಿ ತೆಗೆದ ಮೇಲೆ ಪಾತ್ರೆಯ ಒಳಮೈಗೆ ತೆಳ್ಳಗೆ ಒಂದು ಪದರ ಅಂಟಿಕೊಂಡಿರುತ್ತದೆ, ಹಿಟ್ಟಿನ ಕೋಲಿನ ತುದಿಯಲ್ಲೂ ಅಷ್ಟು. ಪಾತ್ರೆ ಇನ್ನೂ ಬಿಸಿ ಇರುವಾಗಲೇ ಒಂದು ಚೆಂಬು ನೀರು ಹುಯ್ದು, ಕೋಲನ್ನೂ ಅದರಲ್ಲೇ ಇಳಿಬಿಟ್ಟರೆ, ಮನೆಮಂದಿ ಉಂಡು ಕೈ ತೊಳೆಯುವಷ್ಟರಲ್ಲಿ ಪದರ ತಾನಾಗಿ ನೆನೆದು ಏಳುತ್ತದೆ. ಬೆರಳಾಡಿಸಿದರೆ ಸಾಕು, ಆ ನೀರು ಎಮ್ಮೆಯ ಮುಸುರೆಗೂ ಆಗುತ್ತದೆ. ಹಾಗೇ ಬಿಟ್ಟರೆ ಮಧ್ಯಾಹ್ನದ ಹೊತ್ತಿಗೆ ಅದು ಒಣಗಿ ಹಕ್ಕಳೆ ಕಟ್ಟುತ್ತದೆ. ಆಮೇಲೆ ಸವಟಿನ ತುದಿಯಲ್ಲಿ ಕೆರೆಯಬೇಕು, ತಂತಿ ಜುಂಗಿನಲ್ಲಿ ತಿಕ್ಕಬೇಕು, ಒಂದು ಚೆಂಬಿನ ಜಾಗದಲ್ಲಿ ಅರ್ಧ ಬಿಂದಿಗೆ ನೀರು ಸುರಿಯಬೇಕು. ಪಾತ್ರೆ ಅದೇ, ಹಿಟ್ಟು ಅದೇ, ತೊಳೆಯುವ ಕೈಯೂ ಅದೇ. ಬೇರೆಯಾದದ್ದು ಹೊತ್ತು ಮಾತ್ರ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲೊಂದಾದ ಚಳ್ಳಕೆರೆಯಲ್ಲಿ ಈ ಅರ್ಧ ಬಿಂದಿಗೆಯ ಲೆಕ್ಕ ಸಣ್ಣದಲ್ಲ. ಮುಂದಕ್ಕೆ ಹಾಕಿದ ಕೆಲಸಕ್ಕೆ ಇಲ್ಲಿ ನೀರಿನಲ್ಲೇ ಬಡ್ಡಿ ಕಟ್ಟಬೇಕಾಗುತ್ತದೆ.

ಹಾಗಾದರೆ ಎಲ್ಲವನ್ನೂ ದಿನಾ ಮಾಡಬೇಕೇ ಎಂದರೆ, ಬೇಕಿಲ್ಲ. ಪ್ರತಿ ಕೊಳೆಗೂ ಅದರದೇ ಒಂದು ಗಡುವು ಇದೆ, ಆ ಗಡುವು ತಿಳಿದಿರುವುದೇ ಮನೆವಾರ್ತೆಯ ಜಾಣ್ಮೆ. ಕೊಟ್ಟಿಗೆಯ ಸಗಣಿಗೆ ಒಂದು ರಾತ್ರಿ. ಬೆಳಗ್ಗೆ ಬಾಚಿ ತಿಪ್ಪೆಗೆ ಹಾಕದಿದ್ದರೆ ದನ ಅದರ ಮೇಲೇ ಮಲಗುತ್ತದೆ. ಆಷಾಢದ ಗಾಳಿ ತರುವ ಧೂಳಿಗೆ ಅರ್ಧ ದಿನ ಕೂಡ ಹೆಚ್ಚು, ಆ ತಿಂಗಳಲ್ಲಿ ಪೊರಕೆ ಎರಡು ಸಲ ಆಡಬೇಕು. ನೀರು ತುಂಬಿಡುವ ಡ್ರಮ್ಮಿಗೆ ಒಂದು ವಾರ. ಈ ವಾರ ಪಂಚಾಂಗದ್ದಲ್ಲ, ಸೊಳ್ಳೆಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ನಮ್ಮ ಸೆಕೆಗೆ ಹೆಚ್ಚುಕಡಿಮೆ 8ರಿಂದ 10 ದಿನ ಸಾಕು. ಏಳು ದಿನಕ್ಕೊಮ್ಮೆ ಡ್ರಮ್ಮು ಬರಿದಾದರೆ ಮರಿಗಳು ನೀರಿನಲ್ಲೇ ಮುಗಿಯುತ್ತವೆ. ನೀರು ಚೆಲ್ಲಿದರಷ್ಟೇ ಸಾಲದು, ಒಳಗೋಡೆ ಉಜ್ಜಬೇಕು. ಅದರ ಮೊಟ್ಟೆ ಒಣಗಿದ ಗೋಡೆಗೂ ತಿಂಗಳುಗಟ್ಟಲೆ ಅಂಟಿಕೊಂಡಿದ್ದು, ಮತ್ತೆ ನೀರು ಬಿದ್ದಾಗ ಒಡೆಯುತ್ತದೆ. ಇನ್ನು ಮಾಳಿಗೆಗೆ ಒಂದು ವರ್ಷ. ಕರಲು ಮಣ್ಣು ಹೊದೆಸಿದ ಹಳೆಯ ಮಾಳಿಗೆ ಮನೆಗಳಲ್ಲಿ ಮುಂಗಾರಿಗೆ ಮೊದಲು ಮೇಲೆ ಹತ್ತಿ, ಇಲಿ ತೋಡಿದ ಬಿಲ ಮುಚ್ಚಿ, ಹೊಸ ಕರಲು ಹರವುತ್ತಾರೆ. ಅದನ್ನು ದಿನಾ ಮಾಡುವುದು ದಂಡ, ಎರಡು ವರ್ಷಕ್ಕೊಮ್ಮೆ ಮಾಡಿದರೆ ಮಳೆ ಒಳಗೆ. ಜಾತ್ರೆಯ ಸುಣ್ಣವೂ ಇದೇ ಸಾಲಿನದು, ವರ್ಷದ ಗಡುವಿನ ಕೆಲಸ. ತಪ್ಪಾಗುವುದು ವರ್ಷದ ಕೆಲಸದ ಹೆಗಲ ಮೇಲೆ ದಿನದ ಕೆಲಸವನ್ನೂ ಹೇರಿದಾಗ. ಸುಣ್ಣಕ್ಕೆ ಮುನ್ನೂರು ದಿನದ ಧೂಳು ತಡೆಯುವ ಶಕ್ತಿ ಇಲ್ಲ.

ಇಲ್ಲಿ ನನಗೆ ಬಹಳ ಪ್ರಿಯವಾದ ಒಂದು ವಿಷಯವಿದೆ, ಗೂಡು ಮತ್ತು ಗೂಟದ್ದು. ಈ ಸೀಮೆಯ ಹಳೆಯ ಮನೆ ಕಟ್ಟಿದವರು ಗೋಡೆ ಎಬ್ಬಿಸುವಾಗಲೇ ಸಾಮಾನಿನ ಜಾಗ ಗೊತ್ತುಮಾಡುತ್ತಿದ್ದರು. ಎರಡು ಮೊಳ ದಪ್ಪದ ಮಣ್ಣಿನ ಗೋಡೆಯಲ್ಲಿ ಬಾಗಿಲ ಪಕ್ಕಕ್ಕೊಂದು ದೀಪದ ಗೂಡು; ಒಲೆಯ ಪಕ್ಕಕ್ಕೆ ಉಪ್ಪು-ಮೆಣಸಿನಕಾಯಿಗೊಂದು ಗೂಡು, ಒಲೆಯ ಶಾಖಕ್ಕೆ ಉಪ್ಪು ನೀರೊಡೆಯದಷ್ಟು ಹತ್ತಿರ; ಪಡಸಾಲೆಯಲ್ಲಿ ಎಲೆಅಡಿಕೆ ಚೀಲಕ್ಕೊಂದು. ಗೋಡೆಯೊಳಗೆ ಹುಗಿದ ಮರದ ಗೂಟಗಳಿಗೆ ಮಿಣಿ, ಕುಡುಗೋಲು, ಕಂಬಳಿ. ಜಂತಿಯಿಂದ ಇಳಿಬಿಟ್ಟ ನೆಲುವಿನಲ್ಲಿ ಹಾಲು ಮೊಸರು, ಬೆಕ್ಕಿಗೂ ಇರುವೆಗೂ ಎಟುಕದಂತೆ. ಮೂಲೆಯಲ್ಲಿ ಅಡಕಲು: ಕೆಳಗೆ ದೊಡ್ಡ ಗಡಿಗೆ, ಅದರ ಮೇಲೆ ಸಣ್ಣದು, ಅದಕ್ಕಿಂತ ಸಣ್ಣದು ಮೇಲೆ, ಒಂದೊಂದರಲ್ಲಿ ಒಂದೊಂದು ಕಾಳು. ಕತ್ತಲಲ್ಲೂ ಕೈ ನೇರ ಹೋಗಿ ಬೇಕಾದ್ದನ್ನು ಹಿಡಿಯುತ್ತಿತ್ತು. ಇದರಲ್ಲಿ ನನ್ನನ್ನು ಸೆಳೆಯುವುದು ಚೆಂದಕ್ಕಿಂತ ಹೆಚ್ಚಾಗಿ ಅದರ ಅಳತೆ. ಗೂಡಿಗೆ ಎಷ್ಟು ಹಿಡಿಸುತ್ತದೋ ಅಷ್ಟೇ. ಹೆಚ್ಚು ಇಟ್ಟರೆ ಕೆಳಗೆ ಬೀಳುತ್ತದೆ, ಆಗಲೇ ಗೊತ್ತಾಗುತ್ತದೆ. ಗೂಟ ಒಂದು ಕಂಬಳಿಯನ್ನು ಹೊರುತ್ತದೆ, ನಾಲ್ಕನ್ನು ಹೊರುವುದಿಲ್ಲ. ಈಗಿನ ಮನೆಯಲ್ಲಿ ಇಟ್ಟಿಗೆ ಗೋಡೆ ತೆಳುವಾಯಿತು, ಗೂಡು ಹೋಯಿತು. ಸಿಮೆಂಟಿನ ಸಜ್ಜಾ, ಕಬ್ಬಿಣದ ಬೀರು, ಪ್ಲಾಸ್ಟಿಕ್ ಕುರ್ಚಿ ಬಂದವು. ಸಜ್ಜಾದ ಮೇಲೆ ಯಾವುದಕ್ಕೂ ತನ್ನ ಜಾಗವಿಲ್ಲ, ಎಲ್ಲಕ್ಕೂ ಒಟ್ಟಾಗಿ ಒಂದು ಜಾಗ. ಹಿಂದೆ ಸರಿಸಿದ್ದು ಮರೆತುಹೋಗುತ್ತದೆ, ಮರೆತದ್ದನ್ನೇ ಮತ್ತೆ ಕೊಂಡು ತರುತ್ತಾರೆ. ಪ್ಲಾಸ್ಟಿಕ್ ಕುರ್ಚಿಯಂತೂ ಅರ್ಧ ಮೈಲಿಗೆಯ ಬಟ್ಟೆ ಹೇರುವುದಕ್ಕೇ ಆಗಿದೆ. ನೆಂಟರು ಬಂದರೆ ಬಟ್ಟೆಯ ರಾಶಿಯನ್ನು ಎತ್ತಿ ಮಂಚಕ್ಕೆ, ಮಲಗುವಾಗ ಮಂಚದಿಂದ ಮತ್ತೆ ಕುರ್ಚಿಗೆ. ದಿನಾ ಎತ್ತಿಡುವ ಅಭ್ಯಾಸ ಇಲ್ಲವೆಂದು ಮಕ್ಕಳನ್ನು ಬೈಯುವ ಮೊದಲು ಎತ್ತಿ ಎಲ್ಲಿಡಬೇಕೆಂದು ಮನೆ ಅವರಿಗೆ ಹೇಳಿದೆಯೇ ಎಂದು ನೋಡಬೇಕು. ಮಗುವಿನ ಎತ್ತರಕ್ಕೆ ಎರಡು ಗೂಟ ಹೊಡೆದ ಮನೆಯಲ್ಲಿ ಶಾಲೆ ಚೀಲ ನೆಲಕ್ಕೆ ಬೀಳುವುದು ಅಪರೂಪ. ಹತ್ತು ಸಲದ ಬುದ್ಧಿಮಾತು ಮಾಡದ್ದನ್ನು ಎರಡು ಮೊಳೆ ಮಾಡುತ್ತವೆ.

ಇದನ್ನೆಲ್ಲ ಕೇಳಿ, ಬೆಳಗಾದರೆ ಶೇಂಗಾ ಹೊಲಕ್ಕೋ ಈರುಳ್ಳಿ ಕೀಳುವುದಕ್ಕೋ ಗಂಡಹೆಂಡತಿ ಇಬ್ಬರೂ ಹೋಗುವ ಮನೆಯವರು, ಪುರಸೊತ್ತಿದ್ದವರ ಮಾತು ಇದು ಎನ್ನಬಹುದು. ನ್ಯಾಯವಾದ ಆಕ್ಷೇಪ. ಆದರೆ ಪುರಸೊತ್ತು ಇಲ್ಲದ ಮನೆಗೇ ಇದು ಹೆಚ್ಚು ಬೇಕು. ಆಳುಕಾಳು ಇರುವ ಮನೆ ಒಂದು ವಾರದ ಗಲೀಜನ್ನು ಒಂದು ದಿನದಲ್ಲಿ ತೆಗೆಸಿಬಿಡುತ್ತದೆ. ಕೂಲಿಯ ದಿನ ಬಿಟ್ಟರೆ ಕೂಲಿಯೇ ಇಲ್ಲದ ಮನೆಗೆ ಆ ಒಂದು ದಿನ ಎಲ್ಲಿಂದ ಬರಬೇಕು? ಅವರಿಗಿರುವುದು ಬಿಡಿ ಬಿಡಿ ನಿಮಿಷಗಳು. ಆ ನಿಮಿಷಕ್ಕೆ ಹೊಂದುವ ಕೆಲಸ ಚೆಂಬು ನೀರು ಹುಯ್ಯುವುದು, ಕುಡುಗೋಲನ್ನು ಗೂಟಕ್ಕೆ ಸಿಗಿಸುವುದು, ಶುದ್ಧ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನಿಗೆ ಅಲ್ಲೇ ಮುಚ್ಚಳ ಹಾಕುವುದು. ಫ್ಲೋರೈಡಿನ ಕಾಟಕ್ಕೆ ದೂರದಿಂದ ಹೊತ್ತು ತಂದ ನೀರಿಗೆ ಮುಚ್ಚಳ ಮರೆತು ಧೂಳು ಬೀಳಿಸಿಕೊಂಡರೆ ಮತ್ತೊಮ್ಮೆ ಘಟಕದ ಮುಂದೆ ಸಾಲಿನಲ್ಲಿ ನಿಲ್ಲಬೇಕು. ಹಾಗೆ ನಿಂತ ಹೊತ್ತನ್ನು ಯಾರೂ ವಾಪಸು ಕೊಡುವುದಿಲ್ಲ.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ, ಅದನ್ನು ಹಗುರವಾಗಿ ದಾಟಲು ನನಗೆ ಮನಸ್ಸಿಲ್ಲ. ಹಿಂದಿನ ಕಾಲದ ಆ ಒಪ್ಪ ಓರಣ ನಿಂತಿದ್ದು ಕೋಳಿ ಕೂಗುವ ಮೊದಲೇ ಎದ್ದ ಸೊಸೆಯ ಬೆನ್ನಿನ ಮೇಲೆ, ಸಣ್ಣ ಅಭ್ಯಾಸ ಎನ್ನುವುದು ಅವಳ ದುಡಿಮೆಗೆ ಇಟ್ಟ ಚೆಂದದ ಹೆಸರು ಎಂಬುದು ಆ ಆಕ್ಷೇಪ. ಅದರಲ್ಲಿ ಸತ್ಯವಿದೆ, ಇಂದಿಗೂ ಇದೆ. 2019ರಲ್ಲಿ ರಾಷ್ಟ್ರೀಯ ಅಂಕಿಅಂಶ ಕಚೇರಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ ಗಂಡಸರು 97 ನಿಮಿಷ. ಗಂಡಸರ ಈ 97 ಕೂಡ ಮನೆಗೆಲಸಕ್ಕೆ ಕೈ ಹಚ್ಚಿದವರ ಲೆಕ್ಕ; ಹಾಗೆ ಕೈ ಹಚ್ಚಿದ ಗಂಡಸರು ನೂರಕ್ಕೆ 26 ಮಾತ್ರ. ಈ ಅಂಕಿಯನ್ನು ಮುಂದಿಟ್ಟುಕೊಂಡೇ ನಾನು ನನ್ನ ಮಾತಿಗೆ ಅಂಟಿಕೊಳ್ಳುತ್ತೇನೆ. ಜಾತ್ರೆಯ ದೊಡ್ಡ ಕೆಲಸವನ್ನು ಒಬ್ಬಳ ತಲೆಗೆ ಕಟ್ಟುವುದು ಸುಲಭ. ಚೂರು ಚೂರು ಕೆಲಸವನ್ನು ಹಾಗೆ ಕಟ್ಟಲಿಕ್ಕೆ ನೆವ ಸಿಗುವುದಿಲ್ಲ. ಉಂಡವನು ತನ್ನ ತಟ್ಟೆಯನ್ನು ಬಚ್ಚಲಿಗೆ ಒಯ್ದು ತೊಳೆದಿಟ್ಟರೆ ಅವನಿಗೆ ಒಂದು ನಿಮಿಷ, ಆರು ಜನ ಬಿಟ್ಟೆದ್ದರೆ ಅವಳಿಗೆ ಕಾಲು ಗಂಟೆ. ಬಳಸಿದ ಕೈಯೇ ಎತ್ತಿಡಬೇಕು ಎಂಬ ಒಂದು ಕಟ್ಟಳೆಯಷ್ಟು ನ್ಯಾಯವಾದದ್ದು ಮನೆವಾರ್ತೆಯಲ್ಲಿ ಮತ್ತೊಂದಿಲ್ಲ. ಹೊಲದಲ್ಲಿ ಕುಂಟೆ ಎಳೆದು ತೊಳೆದಿಡುವ ಗಂಡಸಿಗೆ ತಟ್ಟೆ ತೊಳೆಯುವ ವಿದ್ಯೆ ಬಾರದ್ದೇನಲ್ಲ.

ಮಡಿಯ ಮಾತೂ ಇಲ್ಲೇ ಬರಬೇಕು. ಮನೆಯ ಚೊಕ್ಕಟತನವೆಂದರೆ ಮಡಿ ಮೈಲಿಗೆಯೆಂದು ಕಲಸಿಕೊಂಡವರು ನಮ್ಮಲ್ಲಿ ಬಹಳ. ಇದೇ ಸೀಮೆಯ ಹಲವು ಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದ ಹೆಣ್ಣುಮಕ್ಕಳನ್ನೂ ಹಸಿ ಬಾಣಂತಿಯರನ್ನೂ ಹಟ್ಟಿಯ ಹೊರಗೆ ಗುಡಿಸಲಿನಲ್ಲಿಡುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲ. ಹಟ್ಟಿಯೊಳಗಿನ ನೆಲ ಎಷ್ಟೇ ಸಾರಿಸಿ ಗುಡಿಸಿದ್ದಿರಲಿ, ಚಳಿಯಲ್ಲಿ ಎಳೆಕೂಸನ್ನು ತಬ್ಬಿಕೊಂಡ ತಾಯಿ ಬೇಲಿಯಾಚೆ ಮಲಗಿದ್ದರೆ ಅದನ್ನು ಚೊಕ್ಕಟ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಕೊಳೆ ವಸ್ತುವಿಗೆ ಅಂಟುತ್ತದೆ, ತೊಳೆದರೆ ಹೋಗುತ್ತದೆ. ಅದನ್ನು ಮನುಷ್ಯರ ಮೈಗೆ ಅಂಟಿಸುವ ಹಕ್ಕು ಯಾವ ಪೊರಕೆಗೂ ಇಲ್ಲ.

ಪೊರಕೆ ಎಂದಾಗ ಸತ್ಯಕ್ಕನ ನೆನಪು ಬರುತ್ತದೆ. 12ನೇ ಶತಮಾನದ ಆ ಶರಣೆಯ ಕಾಯಕವೇ ಶಿವಭಕ್ತರ ಮನೆಯಂಗಳ ಗುಡಿಸುವುದಾಗಿತ್ತು. ಅಂಗಳದ ಕಸಕ್ಕೂ ಅನುಭಾವಕ್ಕೂ ಎತ್ತಣ ನಂಟು ಎಂದು ಕೇಳದ ಕಾಲ ಅದು. ಅವಳ ಹಿಂದೆಯೇ ಆಯ್ದಕ್ಕಿ ಲಕ್ಕಮ್ಮ ನೆನಪಾಗುತ್ತಾಳೆ, ಲಕ್ಕಮ್ಮ ಬಂದರೆ ನನ್ನ ಇಷ್ಟು ಹೊತ್ತಿನ ವಾದವೇ ಬೇರೆ ಕಡೆಗೆ ತಿರುಗುತ್ತದೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅವಳು ಒಳಗೆ ಬಿಟ್ಟುಕೊಳ್ಳದೆ, ಹೆಚ್ಚಾದದ್ದನ್ನು ಮರಳಿ ಚೆಲ್ಲಿ ಬಾ ಎಂದು ಕಳಿಸಿದ ಕಥೆ ಎಲ್ಲರಿಗೂ ಗೊತ್ತು. ನಾವು ಅದನ್ನು ನಿರ್ಲೋಭದ ಕಥೆಯೆಂದು ಓದುತ್ತೇವೆ. ಮನೆವಾರ್ತೆಯ ಕಥೆಯಾಗಿಯೂ ಅದನ್ನು ಓದಬೇಕು. ಹೊಸಿಲಲ್ಲೇ ತಡೆದದ್ದನ್ನು ಆಮೇಲೆ ಇಡುವುದು, ಒರೆಸುವುದು, ಹುಡುಕುವುದು ಯಾವುದೂ ಇಲ್ಲ. ಎತ್ತಿಡುವ ಅಭ್ಯಾಸದ ಬಗ್ಗೆ ಇಷ್ಟು ಹೇಳುವ ನಾವು ಒಳಗೆ ತರುವ ಅಭ್ಯಾಸದ ಬಗ್ಗೆ ಏನೂ ಹೇಳುವುದಿಲ್ಲ.

ಒಳಗೆ ಬರುವುದರಲ್ಲಿ ಕೊಂಡದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ಮದುವೆಯಲ್ಲಿ, ಗೃಹಪ್ರವೇಶದಲ್ಲಿ ಮುಯ್ಯಿಯಾಗಿ ಬಂದ ಸ್ಟೀಲಿನ ಪಾತ್ರೆಗಳು ಈ ಭಾಗದ ಎಷ್ಟೋ ಮನೆಗಳ ಅಟ್ಟ ತುಂಬಿವೆ. ಕೊಟ್ಟವರ ಹೆಸರು, ಊರು, ತಾರೀಖು ಕೊರೆಸಿದ ಬಿಂದಿಗೆ, ಡಬರಿ, ಕೊಳಗ. ಅಡುಗೆಗೆ ಅವು ಇಳಿಯುವುದಿಲ್ಲ. ಜಾತ್ರೆಗೆ ಇಳಿದು ಹುಣಸೆಹಣ್ಣಿನಲ್ಲಿ ಹೊಳಪಾಗಿ ಮತ್ತೆ ಹತ್ತುತ್ತವೆ. ಬೇಡವೆಂದು ಯಾರಿಗಾದರೂ ಕೊಡೋಣವೆಂದರೆ ಹೆಸರು ಅಡ್ಡ ಬರುತ್ತದೆ, ಇನ್ನೊಬ್ಬರ ಮದುವೆಗೆ ದಾಟಿಸೋಣವೆಂದರೆ ತಾರೀಖು ಅಡ್ಡ ಬರುತ್ತದೆ. ಹಾಗೆಂದು ಮುಯ್ಯಿ ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷದಲ್ಲೂ ಒಂದು ಮನೆಯ ಮದುವೆ ನಿಲ್ಲದಂತೆ ಹತ್ತು ಮನೆ ಕೂಡಿ ಹೊತ್ತ ಲೆಕ್ಕ ಅದು. ಬರಗಾಲದ ನಾಡಿನಲ್ಲಿ ಬ್ಯಾಂಕಿಗಿಂತ ಮೊದಲೇ ಇದ್ದ ಸಾಲದ ಏರ್ಪಾಡು. ಪಾತ್ರೆಯ ಬದಲು ಲಕೋಟೆಯಲ್ಲಿ ನೂರೊಂದು ರೂಪಾಯಿ ಕೊಡುವ ರೂಢಿ ಈಗ ಬಂದಿದೆ. ಅಟ್ಟಕ್ಕೆ ಅದರಿಂದ ಹಗುರ, ನಿಜ. ಆದರೆ ಆ ಬಿಂದಿಗೆಯ ಕಂಠದಲ್ಲಿ ಕೊರೆದ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಮನೆತನಕ್ಕೆ ಯಾವ ಯಾವ ಊರಿನ ಋಣವಿತ್ತೆಂದು ತಿಳಿಯುತ್ತದೆ. ಆ ಹೆಸರುಗಳನ್ನಾದರೂ ಯಾರಾದರೂ, ಪಾತ್ರೆ ಗುಜರಿಗೆ ಹೋಗುವ ಮೊದಲು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು.